ಮೆಂತ್ಯದ ಪಟ್ಟಿಗೆ ಕರಗದ ಗಂಟು

ನನಗೆ ಆದದ್ದು ಎದೆಯ ಕ್ಯಾನ್ಸರ್. ನಮ್ಮ ಖಾನಾಪುರದ ಓಣಿಯಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಆ ಬ್ಯಾನಿ’ ಅನ್ನುತ್ತಿದ್ದರು, ‘ಕೆಟ್ಟ ಗಂಟು’ ಅನ್ನುತ್ತಿದ್ದರು, ಇಲ್ಲವೇ ಬರೀ ಕತ್ತು ಅಲ್ಲಾಡಿಸುತ್ತಿದ್ದರು. ನಾನು ಹೆಸರು ಹಿಡಿದೇ ಬರೆಯುತ್ತೇನೆ. ಸಾಲಿ ಕಲಿತದ್ದು ಮೂರನೇ ಇಯತ್ತೆವರೆಗೆ, ಅಕ್ಷರ ಕೂಡಿಸುವುದು ನಿಧಾನ. ಮಗಳು ‘ನೀ ಹೇಳು, ನಾ ಬರೀತೀನಿ’ ಅಂದಳು. ಬೇಡ ಅಂದೆ. ಅವಳು ಬರೆದರೆ ನನ್ನ ಮೂರ್ಖತನವನ್ನು ಸಣ್ಣದು ಮಾಡಿ ಬರೆಯುತ್ತಾಳೆ. ಅದು ಸಣ್ಣದಿರಲಿಲ್ಲ. ಯಾವಳಾದರೂ ಎದೆಯಲ್ಲಿ ಗಂಟು ಇಟ್ಟುಕೊಂಡು, ಮೇಲೆ ಸೆರಗು ಮುಚ್ಚಿಕೊಂಡು ಕೂತಿದ್ದರೆ ಅವಳು ಇದನ್ನು ಓದಲಿ.

ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ನನಗೆ ಆಗ ಐವತ್ತಕ್ಕೆ ಒಂದೆರಡು ಕಡಿಮೆ. ನನ್ನ ಕೆಲಸ ಬಾಣಂತಿಯರನ್ನು ಎರೆಯುವುದು. ಹೆರಿಗೆಯಾದ ಮನೆಗೆ ಬೆಳಿಗ್ಗೆ ಹೋಗಿ, ಬಾಣಂತಿಯ ಮೈಗೆ ಎಣ್ಣೆ ತಿಕ್ಕಿ, ಹಂಡೆಯ ಸುಡುನೀರು ಸೊಂಟಕ್ಕೆ ಹೊಯ್ದು, ಆಮೇಲೆ ಎರಡೂ ಕಾಲು ಚಾಚಿ ಕೂತು ಕೂಸನ್ನು ಕಾಲಮೇಲೆ ಹಾಕಿಕೊಂಡು ಎರೆದು, ಇಬ್ಬರಿಗೂ ಲೋಬಾನದ ಹೊಗೆ ಹಾಕಿ ಮಲಗಿಸಿ ಬರುವುದು. ನನ್ನ ಅತ್ತೆ ಇದನ್ನೇ ಮಾಡುತ್ತಿದ್ದಳು, ಅವಳ ಕೈ ನೋಡಿ ಕಲಿತೆ. ಗಂಡ ಮಲ್ಲಪ್ಪ ಬಜಾರದಲ್ಲಿ ಟೇಲರ್. ಊರ ಹೆಂಗಸರ ಅಳತೆ ಅವನಿಗೆ ಗೊತ್ತು, ಮೈ ನನಗೆ ಗೊತ್ತು. ಇಬ್ಬರೂ ಹೊರಗೆ ಬಾಯಿ ಬಿಡುವವರಲ್ಲ, ಹಾಗಾಗಿ ಇಬ್ಬರಿಗೂ ಕೆಲಸ ಇತ್ತು.

ಬಾಣಂತಿಯ ಮನೆ ಎಂದರೆ ಮೆಂತ್ಯ. ಹಾಲು ಬರಲಿ ಎಂದು ಮೆಂತ್ಯದ ಗಂಜಿ. ಸೊಂಟ ಗಟ್ಟಿಯಾಗಲಿ ಎಂದು ಬೆಲ್ಲ, ತುಪ್ಪ, ಕೊಬ್ಬರಿ ಹಾಕಿ ಮೆಂತ್ಯದ ಉಂಡೆ. ಹೊಟ್ಟೆ ಹಿಡಿಯಬಾರದೆಂದು ಬೆಳ್ಳುಳ್ಳಿ ಜಾಸ್ತಿ ಹಾಕಿ ಮೆಂತ್ಯದ ಸೊಪ್ಪಿನ ಪಲ್ಯ. ಕೂದಲು ಉದುರಿದರೆ ಕಾಳು ನೆನೆಸಿ ಅರೆದು ತಲೆಗೆ. ಮನೆಯ ಗಂಡಸರಿಗೆ ಹೊಟ್ಟೆ ಕೆಟ್ಟರೆ ಒಂದು ಚಮಚ ಕಾಳು ಮಜ್ಜಿಗೆಯಲ್ಲಿ. ಎಳೆಯ ಸೊಪ್ಪು ಸಿಕ್ಕಿದರೆ ನನಗೆ ಔಷಧದ ನೆನಪೇ ಆಗುವುದಿಲ್ಲ, ಉಪ್ಪು, ಶೇಂಗಾಹಿಂಡಿ, ಉಳ್ಳಾಗಡ್ಡಿ ಕೂಡಿಸಿ ಹಸಿಯದನ್ನೇ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತೇನೆ. ಆದರೆ ನನಗೆ ಹೆಸರು ಬಂದದ್ದು ಮೆಂತ್ಯದ ಪಟ್ಟಿನಿಂದ. ಬಾಣಂತಿಗೆ ಹಾಲು ಕಟ್ಟಿ ಎದೆ ಕಲ್ಲಾಗಿ ಜ್ವರ ಬಂದರೆ, ನೆನೆದ ಕಾಳನ್ನು ನುಣ್ಣಗೆ ಅರೆದು, ಬಿಸಿ ಮಾಡಿ, ಹಳೆಯ ಧೋತರದ ಬಟ್ಟೆಗೆ ಬಳಿದು ಎದೆಗೆ ಕಟ್ಟುತ್ತಿದ್ದೆ. ಎರಡನೆಯ ದಿನಕ್ಕೋ ಮೂರನೆಯ ದಿನಕ್ಕೋ ಗಂಟು ಕರಗಿ ಹಾಲು ಹರಿಯುತ್ತಿತ್ತು. ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಬಂದು ಕರೆದೊಯ್ದವರಿದ್ದಾರೆ.

ಹೀಗಿದ್ದವಳಿಗೆ ಒಂದು ಸಂಕ್ರಮಣದ ದಿನ ಎಳ್ಳು ಹಚ್ಚಿ ಮೈ ತೊಳೆದುಕೊಳ್ಳುವಾಗ ಬಲಗಡೆ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಹುರಿದ ಕಡಲೆಯಷ್ಟು. ಒತ್ತಿದರೆ ನೋವಿಲ್ಲ, ಸರಿದಾಡುವುದಿಲ್ಲ. ನನ್ನ ತಲೆ ಹೇಗೆ ಕೆಲಸ ಮಾಡಿತು ಅಂದರೆ, ಎದೆ, ಗಂಟು, ಮೆಂತ್ಯ. ಅಷ್ಟೇ. ಅವತ್ತೇ ಕಾಳು ನೆನೆ ಹಾಕಿದೆ.

ನಾನು ಹೆತ್ತು ಇಪ್ಪತ್ತೈದು ವರ್ಷದ ಮೇಲಾಗಿತ್ತು. ಮುಟ್ಟು ನಿಲ್ಲುತ್ತ ಬಂದಿತ್ತು. ಆ ಎದೆಯಲ್ಲಿ ಕಟ್ಟಲು ಹಾಲೆಲ್ಲಿತ್ತು ಎಂದು ಕೇಳಿಕೊಳ್ಳಬೇಕಿತ್ತು. ಬೇರೆ ಯಾವಳಾದರೂ ಬಂದು ಹೀಗೆ ಹೇಳಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ. ನನ್ನನ್ನು ನಾನು ಕೇಳಲಿಲ್ಲ. ಏಳು ತಿಂಗಳು ಕಟ್ಟಿದೆ. ದಿನಾ ಬೆಳಿಗ್ಗೆ ಹೊಸ ಪಟ್ಟು, ಮೇಲೆ ಬಿಗಿಯಾದ ಕುಪ್ಪಸ. ಸಂಜೆ ಬಿಚ್ಚಿದಾಗ ಅಲ್ಲಿಯ ತೊಗಲು ನೆನೆದು ಮೆತ್ತಗಾಗಿರುತ್ತಿತ್ತು. ತೊಗಲು ಮೆತ್ತಗಾದದ್ದನ್ನೇ ಗಂಟು ಕರಗುತ್ತಿದೆ ಎಂದು ತಿಳಿದೆ. ಒಳಗೆ ಕಡಲೆಯಷ್ಟಿದ್ದದ್ದು ಅಡಿಕೆಯಷ್ಟಾಯಿತು, ಅಡಿಕೆಯಷ್ಟಿದ್ದದ್ದು ಲಿಂಬೆಯಷ್ಟಾಗುತ್ತ ಬಂತು. ಆಗ ಮೆಂತ್ಯ ಕಡಿಮೆ ಬಿತ್ತು ಅಂದುಕೊಂಡು ದಪ್ಪಗೆ ಬಳಿದೆ.

ಗಂಡನಿಗೆ ತಿಳಿಯಲಿಲ್ಲವೇ ಎಂದು ಕೇಳುತ್ತಾರೆ. ಆ ವಯಸ್ಸಿಗೆ ನಮ್ಮ ಮನೆಗಳಲ್ಲಿ ಗಂಡ ಪಡಸಾಲೆಯಲ್ಲಿ ಮಲಗುತ್ತಾನೆ, ಹೆಂಡತಿ ಅಡುಗೆಮನೆಯ ಬಾಜು ಮಲಗುತ್ತಾಳೆ. ಕಾಳು ಅರೆಯುವ ಸಪ್ಪಳ ದಿನಾ ಇದ್ದದ್ದೇ. ಇನ್ನೊಂದು ಕಾರಣವನ್ನು ಬಿಟ್ಟರೆ ಇದು ಸುಳ್ಳು ಕಥೆಯಾಗುತ್ತದೆ. ಊರಿಗೆಲ್ಲ ಗಂಟು ಕರಗಿಸುವವಳು ತನ್ನ ಗಂಟು ಹಿಡಿದುಕೊಂಡು ದವಾಖಾನೆಗೆ ಹೋದಳು ಎಂದು ಸುದ್ದಿಯಾದರೆ ಮುಂದೆ ನನ್ನನ್ನು ಯಾರು ಕರೆದಾರು? ನಾಚಿಕೆಗಿಂತ ಈ ಜಂಬ ದೊಡ್ಡದಿತ್ತು.

ನಾತ ಮಾತ್ರ ಮುಚ್ಚಿಡಲಾಗಲಿಲ್ಲ. ಮೆಂತ್ಯ ಬೆವರಿನ ಜೊತೆ ಕೂಡಿದರೆ ಮೂರು ಮನೆಗೆ ಗೊತ್ತಾಗುತ್ತದೆ. ಆ ಬೇಸಿಗೆಯಲ್ಲಿ ಹಂಚಿನ ವ್ಯಾಪಾರದವರ ಮನೆಯಲ್ಲಿ ಸೊಸೆ ಸುಮನಳ ಮೊದಲ ಬಾಣಂತನ. ಆ ಮನೆಯ ಹಿರಿಯಳು ತಾರಾಬಾಯಿ, ಮರಾಠಿ ಮನೆಮಾತಿನವಳು. ನಾವೆಲ್ಲ ಆಯಿ ಅನ್ನುತ್ತಿದ್ದೆವು. ಅವಳ ಮೂಗು ಬೆಕ್ಕಿನ ಮೂಗು.

‘ಸಾವಂತ್ರವ್ವ, ನಿನ್ನ ಮೈ ಮೆಂತೆ ನಾರಾಕ ಹತ್ತೈತಿ.’

‘ಬಾಣಂತಿ ಮನಿ ತಿರಗೂ ಹೆಂಗಸು, ಮಲ್ಲಿಗಿ ನಾರಬೇಕೇನ್ರಿ ಆಯಿ?’

‘ನಮ್ಮ ಸುಮನ್‌ಗ ಇನ್ನೂ ಮೆಂತೆ ಚಾಲೂನ ಮಾಡಿಲ್ಲ. ಇದು ಯಾರ ಮನೀದು?’

‘ಹಿಂದಿನ ಮನೀದು.’

‘ಹಿಂದಿನ ಮನೀದು ಅಲ್ಲೇ ಬಿಟ್ಟು ಬಾ ಬಾಯಿ. ನಮ್ಮ ಕೂಸು ಸೀನಾಕ ಹತ್ತೈತಿ.’

ನಕ್ಕು ಎಣ್ಣೆಯ ಬಟ್ಟಲು ಎತ್ತಿಕೊಂಡೆ. ಅವಳು ಇನ್ನೊಂದು ಮಾತು ಒತ್ತಿ ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ. ಆದರೆ ಅವಳಿಗೆ ಬೇಕಿದ್ದದ್ದು ಕೂಸಿನ ಸೀನು ನಿಲ್ಲುವುದು.

ಪಂಚಮಿಗೆ ಮಗಳು ಕಸ್ತೂರಿ ತವರಿಗೆ ಬಂದಳು. ಅವಳನ್ನು ಬೆಳಗಾವಿಗೆ ಕೊಟ್ಟಿದ್ದೆವು. ಅಳಿಯ ಕಚೇರಿಯಲ್ಲಿ ಕ್ಲಾರ್ಕ್, ಮಹಾಂತೇಶ ನಗರದಲ್ಲಿ ಬಾಡಿಗೆ ಮನೆ. ಬಂದವಳು ನನ್ನ ಬಟ್ಟೆ ಒಗೆಯಲು ಕೂತಳು. ಅದೇ ಕೆಟ್ಟಿತು.

‘ಅವ್ವಾ, ಕುಬಸಕ್ಕ ಇದೇನ ಹಳದಿ?’

‘ಅರಿಷಿಣ.’

‘ಅರಿಷಿಣಾ ಒಂದ ಬಾಜು ಅಷ್ಟ ಹಚಗೊಂತಾರೇನ?’

ಉತ್ತರ ಹುಡುಕುವುದರೊಳಗೆ ಎದ್ದು ಬಂದು ಎದೆಯ ಮೇಲೆ ಕೈ ಇಟ್ಟಳು. ಅವಳು ನನ್ನಂಥವಳೇ, ಮಾತಿಗಿಂತ ಕೈ ಮುಂದೆ. ಆ ಕೈ ಇಟ್ಟಲ್ಲೇ ನಿಂತಿತು.

‘ಎಷ್ಟ ದಿವಸ ಆತು?’

‘ಸಂಕ್ರಮಣದಿಂದ.’

‘ಅಪ್ಪಗ ಗೊತ್ತೈತಿ?’

‘ಅಂವಗ ಯಾಕ? ಅಂವೇನ ಕರಗಸತಾನ?’

‘ನೀ ಕರಗಿಸೀಯಲ್ಲ, ಕಾಣಸತೈತಿ’ ಅಂದಳು. ಆಮೇಲೆ ಹಬ್ಬದ ಉಂಡಿ ಕಟ್ಟುವುದನ್ನು ಅರ್ಧಕ್ಕೆ ಬಿಟ್ಟು ಚೀಲಕ್ಕೆ ನನ್ನ ಎರಡು ಸೀರೆ ತುರುಕಿದಳು. ಆಗಲೂ ನಾನು ಪಂಚಮಿ ಮುಗಿಯಲಿ ಅಂದೆ. ಅವಳು ನನ್ನನ್ನು ನೋಡಿದ ರೀತಿಗೆ ಇನ್ನೊಂದು ಸೀರೆ ನಾನೇ ತಂದುಕೊಟ್ಟೆ.

ಗಂಡನಿಗೆ ಮಗಳ ಮನೆಗೆ ಎಂದಷ್ಟೇ ಹೇಳಿ ಮರುದಿನ ಬೆಳಗಿನ ಗಾಡಿ ಹತ್ತಿದೆವು. ದೇಸೂರ ಸ್ಟೇಷನ್ನಿನಲ್ಲಿ ಎದುರಿನ ಗಾಡಿಗೆ ದಾರಿ ಬಿಡಬೇಕೆಂದು ಒಂದು ತಾಸು ನಿಲ್ಲಿಸಿದರು. ಮಳೆ ಹೊಯ್ಯುತ್ತಿತ್ತು. ನನಗೆ ಸಿಟ್ಟು ಬಂದು ಗಾರ್ಡನಿಂದ ಹಿಡಿದು ಎಂಜಿನ್ನಿನವನವರೆಗೆ ಎಲ್ಲರನ್ನೂ ಬೈದೆ. ಏಳು ತಿಂಗಳನ್ನು ಕೈಯಾರೆ ಕಳೆದವಳಿಗೆ ಆ ಒಂದು ತಾಸು ಸಹಿಸಲಾಗಲಿಲ್ಲ. ಕಸ್ತೂರಿ ಕಿಡಕಿಯ ಹೊರಗೆ ನೋಡುತ್ತ ಕೂತಿದ್ದಳು.

ಬೆಳಗಾವಿಯ ದೊಡ್ಡ ದವಾಖಾನೆಯಲ್ಲಿ ಕಾಯುವುದೇ ಒಂದು ಕೆಲಸ. ಚೀಟಿಗೆ ಒಂದು ಸಾಲು, ಆ ಚೀಟಿಯ ಮೇಲೆ ಸಿಕ್ಕೆ ಹೊಡೆಸಲು ಇನ್ನೊಂದು ಸಾಲು, ಒಳಗೆ ಹೋದರೆ ಇದು ಈ ಕೋಣೆಯದಲ್ಲ ಎನ್ನುತ್ತಾರೆ. ಬೆಂಚಿನ ಮೇಲೆ ನಮ್ಮ ಬಾಜು ಕೂತವಳು ‘ನಿಮಗೇನಾಗೈತ್ರಿ?’ ಎಂದು ಕೇಳಿದಳು. ‘ಕೆಮ್ಮು’ ಅಂದೆ. ಅವಳು ತಟಕ್ಕನೆ ಅತ್ತ ಸರಿದು ಕೂತಳು. ಕೆಮ್ಮಿಗೇ ಹೀಗಾದರೆ ಖರೇ ಹೇಳಿದ್ದರೆ ಬೆಂಚು ಬಿಟ್ಟೇ ಏಳುತ್ತಿದ್ದಳು.

ಡಾಕ್ಟರ್ ಸಣ್ಣ ವಯಸ್ಸಿನವರು. ಪರದೆಯ ಹಿಂದೆ ಮಲಗಿಸಿದರು. ಅವರ ಹಿಂದೆ ಕಲಿಯುವ ಹುಡುಗರು ಆರು ಜನ. ಒಬ್ಬೊಬ್ಬರೇ ಮುಟ್ಟಿ ನೋಡಬೇಕಂತೆ. ಎಷ್ಟೋ ಹೆಂಗಸರ ಎದೆ ಮುಟ್ಟಿ ನೋಡಿದವಳು ನಾನು, ಮುಟ್ಟಿಸಿಕೊಳ್ಳುವುದು ಹೇಗಿರುತ್ತದೆಂದು ಆವತ್ತು ತಿಳಿಯಿತು. ಒಬ್ಬನ ಕೈ ಮಂಜಿನ ಹಾಗೆ ತಣ್ಣಗಿತ್ತು.

‘ತಮ್ಮಾ, ಕೈ ತಿಕ್ಕಿ ಬಿಸಿ ಮಾಡಕೊಂಡು ಮುಟ್ಟು. ಮತ್ತ ಬೆರಳ ತುದೀಲೆ ಚುಚ್ಚಬ್ಯಾಡ, ಬೆರಳ ಚಪ್ಪಟಿ ಮಾಡಿ ನೋಡು, ಗೊತ್ತಾಗತೈತಿ’ ಅಂದೆ.

ಉಳಿದವರು ನಕ್ಕರು. ಡಾಕ್ಟರ್ ನಗಲಿಲ್ಲ, ‘ಅವರು ಹೇಳಿದಂಗ ಮಾಡ್ರಿ’ ಅಂದರು. ಆಮೇಲೆ ನನ್ನನ್ನು ಕೇಳಿದರು, ‘ಇದಕ್ಕ ಏನ ಹಚ್ಚೀರಿ?’

‘ಮೆಂತೆ.’

ಬೈಯುತ್ತಾರೆ ಎಂದು ಹಲ್ಲು ಕಚ್ಚಿ ಕಾದೆ. ಅವರು ಬೈಯಲಿಲ್ಲ. ‘ಮೆಂತೆ ನಿಮಗೇನೂ ಕೆಡಕ ಮಾಡಿಲ್ಲರಿ. ಅದನ್ನ ಕಟಗೊಂಡು ಕುಂತ ದಿವಸ ಕೆಡಕ ಮಾಡ್ಯಾವು’ ಅಂದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಗಂಟಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರುವವರೆಗೆ ಮಗಳ ಮನೆಯಲ್ಲಿ ಉಳಿದೆ. ಅಳಿಯ ಕಳಿಸಿದ ಸುದ್ದಿ ಮುಟ್ಟಿ ಮೂರನೆಯ ದಿನ ಗಂಡ ಬಂದ. ಅಂಗಡಿಯಿಂದ ಎದ್ದವನು ನೇರ ಗಾಡಿ ಹತ್ತಿದ್ದ, ಅಳತೆಯ ಪಟ್ಟಿ ಇನ್ನೂ ಕೊರಳಲ್ಲೇ ಇತ್ತು. ನನ್ನೆದುರು ಕೂತು ಬಹಳ ಹೊತ್ತು ಆ ಪಟ್ಟಿಯನ್ನು ಸುತ್ತಿದ, ಬಿಚ್ಚಿದ, ಸುತ್ತಿದ.

‘ಮಂದಿಗೆ ಹೇಳಬ್ಯಾಡ ಅಂದಿದ್ರ ನಾ ಹೇಳತಿದ್ದಿಲ್ಲ’ ಅಂದ. ‘ಆ ಮಂದಿಯೊಳಗ ನನ್ನೂ ಹಿಡದಿ.’

‘ಈಗ ಗೊತ್ತಾತಲ್ಲ’ ಅಂದೆ.

‘ಈಗ ಗೊತ್ತಾಗಿ ಏನ ಹೊಲೀಲಿ?’ ಅಂದ. ಎದ್ದು ಹೊರಗೆ ಹೋಗಿ ಅಳಿಯನ ಸೈಕಲ್ಲು ಒರೆಸತೊಡಗಿದ.

ಉತ್ತರ ಕೆಟ್ಟದ್ದೇ ಬಂತು. ಬಲಗಡೆಯದನ್ನು ಪೂರ್ತಿ ತೆಗೆಯಬೇಕು, ಕಂಕುಳೊಳಗಿನ ಗಂಟುಗಳನ್ನೂ ತೆಗೆಯಬೇಕು ಅಂದರು. ಸಂಕ್ರಮಣದಲ್ಲೇ ಬಂದಿದ್ದರೆ ಕಂಕುಳು ಉಳಿಯುತ್ತಿತ್ತಾ ಎಂದು ಕೇಳಿದೆ. ಡಾಕ್ಟರ್ ಕಾಗದ ನೋಡುತ್ತ ಕೂತರು. ಅದೇ ಉತ್ತರ.

ವಾರ್ಡಿನಲ್ಲಿ ನನ್ನ ಬಾಜು ಮಂಚದವಳು ಪಾರಿಶ್ವಾಡದ ಕಲ್ಲವ್ವ, ಹೊಲದ ಕೆಲಸದವಳು. ಅವಳಿಗೂ ನನ್ನದೇ ರೋಗ, ಅವಳದು ಹೊರಗೆ ಒಡೆದಿತ್ತು. ಹೋದ ದಿನವೇ ಕೇಳಿದಳು.

‘ನೀ ಏನ ಹಚ್ಚಿದ್ದಿ ಬೇ?’

‘ಮೆಂತೆ. ನೀ?’

‘ಅರಿಷಿಣಾ, ಬೆಳ್ಳೊಳ್ಳಿ. ನಮ್ಮತ್ತಿ ಬೇವಿನ ತಪ್ಪಲಾನೂ ಹಾಕಿದಳು.’ ನನ್ನ ಕಡೆ ಮಗ್ಗುಲು ಹೊರಳಿ ಅಂದಳು, ‘ಇಬ್ಬರನೂ ಕೂಡಿಸಿದ್ರ ಒಂದ ಸಾರರ ಆಗತಿತ್ತು.’

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನರ್ಸ್ ಬಂದು ಗದರಿಸಿದಳು. ಆ ದವಾಖಾನೆಯಲ್ಲಿ ನನಗೆ ಸಿಕ್ಕ ಒಳ್ಳೆಯದು ಅದೊಂದು. ಕಲ್ಲವ್ವ ಮುಂದಿನ ಯುಗಾದಿಗೆ ಇರಲಿಲ್ಲ. ಅವಳಿಗೂ ನನಗೂ ಇದ್ದ ವ್ಯತ್ಯಾಸ ಇಷ್ಟೇ, ಅವಳ ಮಗಳು ಒಂದು ಹಬ್ಬ ತಡವಾಗಿ ತವರಿಗೆ ಬಂದಳು.

ಆಪರೇಷನ್ ಬಗ್ಗೆ ಬರೆಯಲು ನನಗೆ ಏನೂ ಗೊತ್ತಿಲ್ಲ, ಮಲಗಿಸಿದರು, ಎದ್ದಾಗ ಆಗಿತ್ತು. ಹೆದರಿಕೆ ಇತ್ತೇ ಅಂದರೆ ಇತ್ತು. ಸಾಯುವುದಕ್ಕೆ ಅಷ್ಟಲ್ಲ. ಎದ್ದ ಮೇಲೆ ಬಲಗೈ ಎತ್ತಲು ಬರಲಿಲ್ಲ, ಹೆದರಿಕೆ ಬಂದದ್ದು ಆಗ. ಆ ಕೈ ಇಲ್ಲದಿದ್ದರೆ ನಾನು ಬಾಣಂತಿ ಎರೆಯುವವಳಲ್ಲ. ಎರೆಯದಿದ್ದರೆ ಮತ್ತೇನು, ನನಗೆ ಬೇರೆ ಏನೂ ಬರುವುದಿಲ್ಲ. ಗೋಡೆಯ ಮೇಲೆ ಬೆರಳನ್ನು ಇರುವೆ ಹತ್ತಿದ ಹಾಗೆ ಹತ್ತಿಸು, ದಿನಾ ಒಂದಿಷ್ಟು ಮೇಲೆ ಎಂದು ನರ್ಸ್ ಕಲಿಸಿದಳು. ಮಗಳ ಮನೆಯ ಗೋಡೆಯ ಮೇಲೆ ಅಳಿಯನ ಪೆನ್ಸಿಲ್ಲಿನಿಂದ ಗೆರೆ ಹಾಕುತ್ತ ಹತ್ತಿಸಿದೆ. ಮನೆಯ ಮಾಲಕ ಗೋಡೆ ಹೊಲಸು ಮಾಡಿದಿರಿ ಎಂದು ಜಗಳಕ್ಕೆ ಬಂದ. ಗೆರೆ ಕೊರಳಿನ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಮೇಲಾಗಿ ಕೈ ಬಾತುಕೊಂಡಿತು, ಬಳೆ ಒಡೆದು ತೆಗೆಯಬೇಕಾಯಿತು. ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸಲು ಬೇರೆ ಊರಿಗೆ ಕಳಿಸಿದರು. ಅಲ್ಲಿದ್ದ ತಿಂಗಳ ಬಗ್ಗೆ ಬರೆಯುವುದಿಲ್ಲ, ಅಲ್ಲಿಯೂ ಬೆಂಚೇ.

ಊರಿಗೆ ಬಂದೆ. ಮಾತಾಡಿಸಲು ಮಂದಿ ಬಂದರು. ಬಂದವರ ಕಣ್ಣು ಮೊದಲು ನನ್ನ ಸೆರಗಿನ ಬಲಗಡೆಗೆ ಹೋಗುತ್ತಿತ್ತು, ಆಮೇಲೆ ಮುಖಕ್ಕೆ ಬರುತ್ತಿತ್ತು. ಊರಲ್ಲಿ ಎರಡು ಪಕ್ಷ ಆಗಿದ್ದವು. ಒಂದು ಪಕ್ಷ, ಮೆಂತ್ಯ ಕಟ್ಟಿದ್ದರಿಂದಲೇ ಇದು ಬಂತು ಅನ್ನುತ್ತಿತ್ತು. ಇನ್ನೊಂದು ಪಕ್ಷದವರು, ಮೆಂತ್ಯ ಕಟ್ಟಬಾರದಿತ್ತು, ಕುಡಿಯಬೇಕಿತ್ತು, ಕುಡಿದಿದ್ದರೆ ಕೊಯ್ಯುವ ಪಾಳಿ ಬರುತ್ತಿರಲಿಲ್ಲ ಎಂದು ನೆನೆಸಿದ ಕಾಳಿನ ತಂಬಿಗೆ ತಂದು ಮುಂದೆ ಇಡುತ್ತಿದ್ದರು. ಎರಡೂ ಪಕ್ಷಕ್ಕೆ ಹೇಳಿ ಹೇಳಿ ಬಾಯಿ ಒಣಗಿತು. ಮೆಂತ್ಯ ಹಾಲು ಕಟ್ಟಿದ್ದಕ್ಕೆ, ಹೊಟ್ಟೆಗೆ, ಕೂದಲಿಗೆ, ರೊಟ್ಟಿಗೆ. ಅದು ಈ ರೋಗ ತರುವುದೂ ಇಲ್ಲ, ಒಯ್ಯುವುದೂ ಇಲ್ಲ. ಅದಕ್ಕೆ ಬಾಯಿದ್ದಿದ್ದರೆ ಮೊದಲನೆಯ ವಾರವೇ ನನ್ನನ್ನು ಬೈದು ಬೆಳಗಾವಿಗೆ ಕಳಿಸುತ್ತಿತ್ತು. ಯಾರೂ ಕೇಳಲಿಲ್ಲ. ಒಬ್ಬಳಂತೂ ತಾನು ಬೆಳೆದ ಮೆಂತ್ಯದ ಮಡಿಯನ್ನೇ ಕಿತ್ತು ಹಾಕಿದಳಂತೆ, ಒಳ್ಳೆಯ ಎಳೆ ಸೊಪ್ಪು.

ಕರೆಯುವುದನ್ನು ನಿಲ್ಲಿಸಿದರು. ನೇರ ಹೇಳಲಿಲ್ಲ. ‘ಕೈ ಆರಾಮ ಆಗಲಿ’ ಅನ್ನುತ್ತಿದ್ದರು, ‘ಈ ಸಲ ಅವರ ತವರಿನ ಕಡೀಂದ ಬಂದಾರ’ ಅನ್ನುತ್ತಿದ್ದರು. ನಾನು ಎರೆದು ದೊಡ್ಡದು ಮಾಡಿದ ಹುಡುಗಿಯರು ಹೆತ್ತರು, ಅವರಿಗೆ ಬೇರೆಯವಳು ಎರೆದಳು. ಸುಮನಳಿಗೆ ಎರಡನೆಯ ಕೂಸಾದಾಗ ನಾನೇ ಮರ್ಯಾದೆ ಬಿಟ್ಟು ಹೋದೆ. ತಾರಾಬಾಯಿ ಹೊಸ್ತಿಲ ಒಳಗೆ, ನಾನು ಹೊರಗೆ. ಆ ಬ್ಯಾನಿ ಕೂಸಿಗೆ ಹತ್ತುತ್ತದೆ ಅಂದಳು. ಮುಟ್ಟಿದರೆ ಹತ್ತುವುದಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ ಅಂದೆ.

‘ಡಾಕ್ಟರಂದು ಡಾಕ್ಟರ ಹೇಳತಾನ. ಕೂಸು ನಮ್ಮದು’ ಅಂದಳು. ಬಾಗಿಲು ದಡ್ಡನೆ ಬಡಿಯಲಿಲ್ಲ, ಮೆಲ್ಲಗೆ ಎಳೆದು ಮುಂದೆ ಮಾಡಿದಳು. ದಡ್ಡನೆ ಬಡಿದಿದ್ದರೆ ಚಲೋ ಇತ್ತು.

ಗಂಡನ ಒಂದು ಸಂಗತಿ ಬರೆಯಬೇಕು, ಸುಮನಳ ಎರಡನೆಯ ಕೂಸಿಗಿಂತ ಮುಂಚಿನದು. ಅವನು ಈಗ ಇಲ್ಲ, ಬೇಡ ಅನ್ನುವವರಿಲ್ಲ. ನಾನು ಬಲಗಡೆ ಸೆರಗು ಎಳೆದುಕೊಳ್ಳುವುದನ್ನು ಅವನು ನೋಡುತ್ತಿದ್ದ. ಒಂದು ದಿನ ನನ್ನ ಕುಪ್ಪಸಗಳೆಲ್ಲ ಪೆಟ್ಟಿಗೆಯಿಂದ ಮಾಯವಾದವು. ಮೂರು ದಿನದ ಮೇಲೆ ಮಡಿಕೆ ಮಾಡಿ ತಂದಿಟ್ಟ. ಒಳಗೆ ಬಲಗಡೆ ಒಂದು ಚೀಲ ಹೊಲಿದಿದ್ದ. ಎಡಗಡೆಯ ಅಳತೆಗೆ ಸರಿಯಾಗಿ, ಮುಟ್ಟಿದರೆ ತೂಕವೂ ಸರಿ. ಒಳಗೆ ಏನು ತುಂಬೀದಿ ಎಂದು ಕೇಳಿದೆ.

‘ಹತ್ತಿ ಹಗರ ಆತು, ಮ್ಯಾಲ ಮ್ಯಾಲ ಏರತಿತ್ತು. ಅಡಗಿಮನ್ಯಾಗ ಡಬ್ಬಿ ಇತ್ತಲ್ಲ, ಮೆಂತೆ ತುಂಬೀನಿ.’

ಇದಕ್ಕೂ ಮೆಂತ್ಯವೇ ಸಿಕ್ಕಿತಾ ಎಂದು ಅರ್ಧ ದಿನ ಜಗಳ ಮಾಡಿದೆ. ಆದರೆ ಹಾಕಿಕೊಂಡೆ, ಏಕೆಂದರೆ ಕನ್ನಡಿಯಲ್ಲಿ ಸರಿ ಕಂಡಿತು. ಆಷಾಢದಲ್ಲಿ ಒಂದು ಸಂತೆಯ ದಿನ ಖಾನಾಪುರದ ಮಳೆಗೆ ಸಿಕ್ಕೆ. ಪೂರ್ತಿ ತೊಯ್ದು ಒಂದು ಅಂಗಡಿಯ ಕಟ್ಟೆಯ ಮೇಲೆ ನಿಂತೆ. ನಿಂತಲ್ಲೇ ಕಾಳು ನೀರು ಕುಡಿದು ಉಬ್ಬತೊಡಗಿತು. ಮನೆ ಮುಟ್ಟುವುದರೊಳಗೆ ಬಲಗಡೆಯದು ಎಡಗಡೆಯದರ ಒಂದೂವರೆ ಪಟ್ಟು ಆಗಿತ್ತು. ಕುಪ್ಪಸ ಬಿಚ್ಚಿ ಮೂಲೆಗೆ ಒಗೆದೆ. ಸಿಟ್ಟಿನಲ್ಲಿ ಮರೆತುಬಿಟ್ಟೆ. ಎರಡು ದಿನ ಬಿಟ್ಟು ನೋಡಿದರೆ ಹೊಲಿಗೆಯ ಸಂದಿಯಿಂದ ಬಿಳಿ ಮೊಳಕೆ ಹೊರಗೆ ಬಂದಿದ್ದವು. ಮಲ್ಲಪ್ಪನಿಗೆ ಎತ್ತಿ ತೋರಿಸಿದೆ. ‘ಪಲ್ಯಾ ಮಾಡತೀಯೇನ?’ ಅಂದ. ರೋಗ ಬಂದ ಮೇಲೆ ಆ ಮನೆಯಲ್ಲಿ ನಾನೂ ಅವನೂ ಕೂಡಿ ನಕ್ಕದ್ದು ಆವತ್ತೇ ಮೊದಲು. ಆಮೇಲೆ ಹತ್ತಿಯ ನಡುವೆ ಹಿತ್ತಾಳೆಯ ಗುಂಡಿ ಇಟ್ಟು ಹೊಲಿದುಕೊಟ್ಟ.

ನಕ್ಕರೂ ಕೆಲಸ ಬರಲಿಲ್ಲ. ಕೊಯ್ದ ಮೇಲೆ ಎರಡು ವರ್ಷ ಆಗುತ್ತ ಬಂದಿತ್ತು. ತಾರಾಬಾಯಿ ಬಾಗಿಲು ಮುಂದೆ ಮಾಡಿ ಇಪ್ಪತ್ತು ದಿನ ಆಗಿರಬೇಕು, ಅವಳೇ ನಮ್ಮ ಮನೆಗೆ ಬಂದಳು. ನಾನು ಜೋಳ ಹಸನು ಮಾಡುತ್ತಿದ್ದೆ. ಕುಂದರ್ರಿ ಅಂದೆ, ಕೂಡಲಿಲ್ಲ.

‘ಸುಮನ್‌ಗ ಹಾಲ ಕಟ್ಯಾವು. ಜ್ವರ ಬಂದಾವು. ಎರಿಯಾಕ ಬಂದಾಕಿ ಏನೇನೋ ತಿಕ್ಕಿದಳು, ಜಾಸ್ತಿನ ಆತು. ನಿನ್ನ ಮೆಂತೆ ಪಟ್ಟು ಬೇಕು.’

‘ಮೆಂತೆ ನಿಮ್ಮನ್ಯಾಗ ಇಲ್ಲೇನ್ರಿ ಆಯಿ? ಅರಕೊಳ್ರಿ, ಕಟ್ಟರಿ.’

‘ಸುಮನ್ ನಿನ್ನ ಕೈ ಬೇಕಂತಾಳ.’

‘ನನ್ನ ಕೈ ಹತ್ತತೈತಿ.’

ಅವಳು ಕದಲಲಿಲ್ಲ. ನಾನೂ ಜೋಳದ ಮೊರ ಕೆಳಗೆ ಇಡಲಿಲ್ಲ. ಕೊನೆಗೆ ‘ಅತ್ತ ಅತ್ತ ಆಕಿ ಕಣ್ಣ ಬಾತಾವ, ಬಾ’ ಅಂದಳು. ತಪ್ಪಾಯಿತು ಅನ್ನಲಿಲ್ಲ. ಅವಳು ಅನ್ನುವವಳೂ ಅಲ್ಲ. ಎದ್ದೆ.

ಸುಮನ ಗೋಡೆಗೆ ಒರಗಿ ಕೂತಿದ್ದಳು, ಮೈ ಬೆಂಕಿ. ಮುಂಚೆಯಾಗಿದ್ದರೆ ಹೋದ ಕೂಡಲೇ ಕಾಳು ಎಲ್ಲಿ ಅನ್ನುತ್ತಿದ್ದೆ. ಈಗ ಹಾಗಲ್ಲ. ಎಡಗೈ ತಿಕ್ಕಿ ಬಿಸಿ ಮಾಡಿಕೊಂಡು ಮೊದಲು ಮುಟ್ಟಿ ನೋಡಿದೆ, ಎಲ್ಲ ಕಡೆ, ಕಂಕುಳೊಳಗೂ. ಕೆಂಪಗಾಗಿತ್ತು, ಸುಡುತ್ತಿತ್ತು, ಮುಟ್ಟಿದರೆ ಚೀರುತ್ತಿದ್ದಳು. ಹಾಲಿನ ಗಂಟೇ. ಪಟ್ಟು ಕಟ್ಟಿದೆ. ಕಟ್ಟುವ ಮುಂಚೆ ತಾರಾಬಾಯಿಗೆ ಹೇಳಿದೆ, ಮೂರು ದಿನ ನೋಡುತ್ತೇನೆ, ನಾಲ್ಕನೆಯ ದಿನ ಇದು ಅಡಿಕೆಯಷ್ಟು ಉಳಿದರೂ ಬೆಳಗಾವಿ ಗಾಡಿ ಹತ್ತಿಸಬೇಕು, ಇಲ್ಲದಿದ್ದರೆ ಈಗಲೇ ನಾನು ಮನೆಗೆ ಹೋಗುತ್ತೇನೆ. ಆಗಲಿ ಎಂದು ತಲೆ ಅಲ್ಲಾಡಿಸಿದಳು. ಎರಡನೆಯ ದಿನ ಮಧ್ಯಾಹ್ನಕ್ಕೆ ಹಾಲು ಹರಿಯಿತು.

ಮೂರನೆಯ ದಿನ ಹೋದಾಗ ಕೂಸನ್ನು ಎರೆಯುವ ಹೊತ್ತು. ಎರೆಯಲು ಬರುತ್ತಿದ್ದ ಹೆಂಗಸು ನನ್ನ ಮೇಲಿನ ಸಿಟ್ಟಿಗೆ ಬಂದಿರಲಿಲ್ಲ. ಸುಮನ ಕೂಸನ್ನು ಎತ್ತಿಕೊಂಡು ಬಂದು ಅತ್ತೆಯ ಮುಖ ನೋಡಲಿಲ್ಲ, ನನ್ನ ಕಾಲಮೇಲೆ ಇಟ್ಟಳು. ತಂಬಿಗೆ ಎತ್ತಲು ನನ್ನ ಬಲಗೈಗೆ ಆಗುವುದಿಲ್ಲ.

‘ಆಯಿ, ನೀರ ಹಾಕ್ರಿ’ ಅಂದೆ.

ತಾರಾಬಾಯಿ ಸೀರೆ ಎತ್ತಿ ಕಟ್ಟಿ ನೀರು ಹಾಕಿದಳು. ನಾನು ಎಡಗೈಯಿಂದ ತಿಕ್ಕಿದೆ. ಬಿಸಿ ಜಾಸ್ತಿ ಆಯಿತು, ಕಡಿಮೆ ಆಯಿತು, ಕಣ್ಣಿಗೆ ಹಾಕಬೇಡಿ ಎಂದು ಅವಳನ್ನು ಬೈಯುತ್ತಲೇ ಎರೆದು ಮುಗಿಸಿದೆ. ಕೂಸು ಮಲಗಿತು. ಬಚ್ಚಲಲ್ಲಿ ನಾವಿಬ್ಬರೇ ಉಳಿದೆವು. ಅವಳು ಹೋಗಲಿಲ್ಲ. ಖಾಲಿ ತಂಬಿಗೆ ಹಿಡಿದುಕೊಂಡು ನಿಂತಿದ್ದಳು.

‘ನಿನಗ ಹೆಂಗ ಗೊತ್ತಾತು ಮೊದಲಿಗೆ?’ ಅಂದಳು.

‘ಮೈ ತೊಳಕೊಳ್ಳಾಗ ಕೈಗೆ ಹತ್ತಿತು.’

‘ನಾ ಅಲ್ಲೆಲ್ಲ ಮುಟ್ಟಿ ನೋಡಕೊಂಡಾಕಿ ಅಲ್ಲ’ ಅಂದಳು. ‘ನನಗ ಅರವತ್ತ ವರ್ಷ ಆತು.’

‘ಬಾಗಲಾ ಹಾಕ್ರಿ’ ಅಂದೆ.

ಬಚ್ಚಲಿನ ಬಾಗಿಲು ಹಾಕಿ ಅಗಳಿ ಸರಿಸಿದಳು. ನನ್ನ ಕಡೆ ಬೆನ್ನು ಮಾಡಿ ಕುಪ್ಪಸದ ಗಂಟು ಬಿಚ್ಚಿದಳು, ಆಮೇಲೆ ತಿರುಗಿದಳು. ಕಣ್ಣು ಮುಚ್ಚಿಕೊಂಡಿದ್ದಳು. ಎಡಗೈ ತಿಕ್ಕಿ ಬಿಸಿ ಮಾಡಿಕೊಂಡೆ. ಬೆರಳು ಚಪ್ಪಟೆ ಮಾಡಿ ಎರಡೂ ಕಡೆ ನೋಡಿದೆ, ಕಂಕುಳು ನೋಡಿದೆ. ತೊಗಲು, ಎಲುಬು, ಬೇರೇನೂ ಇರಲಿಲ್ಲ. ಅದು ನನಗೆ ಕೂಡಲೇ ಗೊತ್ತಾಯಿತು. ಆದರೂ ಸುಮ್ಮನೆ ಇನ್ನೊಂದು ಸಲ ನೋಡಿದೆ. ನನ್ನನ್ನು ಹೊಸ್ತಿಲ ಹೊರಗೆ ನಿಲ್ಲಿಸಿದ್ದಕ್ಕೆ ಅವಳೂ ಒಂದಿಷ್ಟು ಹೊತ್ತು ಕಾಯಲಿ ಎಂದು.

ಆಮೇಲೆ, ‘ಏನೂ ಇಲ್ಲ, ಕುಬಸಾ ಹಾಕೊಳ್ರಿ’ ಅಂದೆ.

‘ಖರೇನ?’

‘ಖರೇ. ಬರೂ ತಿಂಗಳ ಮತ್ತ ನೋಡತೀನಿ.’

‘ನಾಳಿಗೆ ಎಷ್ಟೊತ್ತಿಗೆ ಬರತಿ?’ ಅಂದಳು ಗಂಟು ಹಾಕಿಕೊಳ್ಳುತ್ತ. ‘ನೀರ ಕಾಸಿ ಇಡತೀನಿ.’